ಹಿತ್ತಲಿಗೆ ಬರೋ ಶಿಕ್ರಾ ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ: ನಮ್ಮ ಹಿತ್ತಲಿನ ತೆಂಗಿನಮರಕ್ಕೆ ದಿನಾ ಬೆಳಗ್ಗೆ ಶಿಕ್ರಾ (ಚಿಕ್ಕ ಗಿಡುಗ) ಬಂದು ಕೂರುತ್ತೆ ಸಾರ್, ಕ್ಯಾಮೆರಾ ಎತ್ತಿದ್ರೆ ಹಾರೋಗತ್ತೆ, ಸಿಕ್ಕಿದ ಫೋಟೋದಲ್ಲೂ ಹಕ್ಕಿ ಕಪ್ಪು ಕಪ್ಪಾಗಿರುತ್ತೆ. ಮಾಂಸದ ತುಂಡು ಇಟ್ರೆ ಹತ್ರ ಬರುತ್ತಾ?
- ಓದುಗರು, ತುಮಕೂರು

ಉತ್ತರ: ಮಾಂಸ ಮಾತ್ರ ಇಡಬೇಡಿ ದಯವಿಟ್ಟು, ಅದು ಓತಿಕ್ಯಾತ, ಅಳಿಲು, ಚಿಕ್ಕ ಹಕ್ಕಿ ಹಿಡಿದು ತಿನ್ನೋ ಬೇಟೆಗಾರ, ಮನುಷ್ಯರ ಹತ್ರ ಬಂದು ತಿನ್ನೋ ಅಭ್ಯಾಸ ಆದ್ರೆ ಅದಕ್ಕೇ ಅಪಾಯ. ಕಿಟಕಿ ಪರದೆ ಹಿಂದೆ ಕೂತ್ಕೊಳ್ಳಿ, ಅದು ಬರೋಕೆ ಮುಂಚೆನೇ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ರೆಡಿ ಇರಲಿ, ಯಾಕಂದ್ರೆ ಅದು ಹೆದರೋದು ನಿಮ್ಮ ಕೈ ಅಲುಗಾಟಕ್ಕೆ. ಅಳಿಲು ಒಂದೇ ಸಮನೆ ಚಿಟಗುಟ್ಟಿದ್ರೆ, ಕಾಗೆಗಳು ಗಲಾಟೆ ಮಾಡಿದ್ರೆ ಬಂದಿರಬಹುದು ಅಂತ ನೋಡಿ.

ಕಪ್ಪಾಗೋದು ಹಿಂದಿನ ಆಕಾಶದ ಬೆಳಕಿಂದ, ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನೋ ಸೆಟ್ಟಿಂಗ್) +1 ಮಾಡಿ, ಫೋಕಸ್ ಕಣ್ಣಿಗೇ ಇಡಿ. ಕೂತಿದ್ರೆ ಶಟರ್ ವೇಗ 1/500 ಸೆಕೆಂಡ್ ಸಾಕು, ಹಾರೋದು ಬೇಕಂದ್ರೆ 1/2000 ಆದ್ರೂ ಬೇಕು, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಳತೆ) ಏರಿದ್ರೂ ಪರವಾಗಿಲ್ಲ. ಬೆಳೆದ ಗಂಡಿಗೆ ಕಣ್ಣು ಕೆಂಪು, ಎಂಥಾ ಚೆಂದ ಗೊತ್ತಾ! ಎದೆ ಮೇಲೆ ಉದ್ದುದ್ದ ಕಂದು ಗೀಟು, ಹಳದಿ ಕಣ್ಣು ಇದ್ರೆ ಮರಿ. ಗೂಡು ಕಂಡ್ರೆ ಅತ್ತ ಹೋಗ್ಬೇಡಿ, ಜಾಗಾನೂ ಯಾರಿಗೂ ಹೇಳ್ಬೇಡಿ.