ಕರಿಮೀನಿಗೆ ನೀರೊಂದೇ ಸಾಲದು

ಪತ್ರ: ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಮೀನುಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಉಪ್ಪುನೀರು, ಸಿಹಿನೀರು ಎರಡರಲ್ಲೂ ಬದುಕುವ, ಕೊಳದಲ್ಲಿ ಸಾಕಲೂ ಬರುವ ಕರಿಮೀನಿಗೆ ಯಾವ ಅಪಾಯ? ಆತಂಕ ಅತಿಯಾಯಿತಲ್ಲವೇ?
– ಒಬ್ಬ ಓದುಗರು

ಸಂಪಾದಕರ ಉತ್ತರ:

ನೀವು ಹೇಳಿದ ಗುಣ ನಿಜ. ಕರಿಮೀನು (ಎಟ್ರೋಪ್ಲಸ್ ಸುರಾಟೆನ್ಸಿಸ್) ಅಳಿವಿನಂಚಿನ ಪಟ್ಟಿಯಲ್ಲೂ ಇಲ್ಲ. ಆದರೆ ದೊಡ್ಡ ಮೀನು ಉಪ್ಪನ್ನು ತಾಳಿಕೊಂಡ ಮಾತ್ರಕ್ಕೆ ಅದರ ಸಂತಾನ ಉಳಿಯುತ್ತದೆಂದು ಹೇಳಲಾಗದು.

ಕಾಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೋಗುತ್ತವೆ. ಕರಿಮೀನು ಇಡುವುದು ನೂರಾರು, ಹೆಚ್ಚೆಂದರೆ ಕೆಲವು ಸಾವಿರ. ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಕಲ್ಲನ್ನೋ ಮುಳುಗಿದ ಕೊರಡನ್ನೋ ಗಂಡು ಹೆಣ್ಣು ಸೇರಿ ಶುಚಿಗೊಳಿಸಿ ಮೊಟ್ಟೆ ಅಂಟಿಸುತ್ತವೆ, ರೆಕ್ಕೆ ಬೀಸಿ ಹೊಸ ನೀರು ಹಾಯಿಸುತ್ತವೆ. ಮೊಟ್ಟೆಯೊಡೆದು ಬಂದ ಮರಿಗಳನ್ನು ಕೆಸರಿನಲ್ಲಿ ತೋಡಿದ ಗುಳಿಗಳಿಗೆ ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತವೆ. ಮರಿಗಳು ಈಜತೊಡಗಿದ ಮೇಲೂ ಕಾವಲು ಬಿಡುವುದಿಲ್ಲ. ಇಷ್ಟು ಜತನದಿಂದ ಮರಿ ಸಾಕುವ ಜೋಡಿಯನ್ನು ಆ ಹೊತ್ತಿನಲ್ಲೇ ಬಲೆಗೆ ಹಾಕಿದರೆ ಕಾಯುವವರಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.

ಆ ದಡವನ್ನೇ ನಾವು ಕೆಡಿಸುತ್ತಿದ್ದೇವೆ. ಮರಳೆತ್ತಿದಲ್ಲಿ ತಳ ಕುಸಿದು ನೀರು ರಾಡಿಯಾಗುತ್ತದೆ. ನೇರ ಕಾಂಕ್ರೀಟ್ ಗೋಡೆ ಎದ್ದಲ್ಲಿ ಆಳವಿಲ್ಲದ ಅಂಚೇ ಇಲ್ಲವಾಗುತ್ತದೆ. ಕೇರಳದ ವೆಂಬನಾಡು ಹಿನ್ನೀರಿನಲ್ಲಿ ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಿರಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಒಡ್ಡು ಕಟ್ಟಿದರು. ರೈತರ ಅಗತ್ಯ ಸಣ್ಣದಲ್ಲ. ಆದರೆ ಬೇಸಿಗೆಯಲ್ಲಿ ಬಾಗಿಲು ಮುಚ್ಚಿದಾಗ ಭರತ ಇಳಿತ ನಿಲ್ಲುತ್ತದೆ, ಗದ್ದೆಯ ಕೀಟನಾಶಕ ಒಳಗೇ ಉಳಿಯುತ್ತದೆ, ಉಪ್ಪಿಗೆ ಸಾಯಬೇಕಾದ ಜಲಕಳೆ ಹಬ್ಬುತ್ತದೆ. ಇದರ ಮೇಲೆ 1952ರಲ್ಲಿ ಭಾರತಕ್ಕೆ ತಂದ ವಿದೇಶಿ ಮೀನು ತಿಲಾಪಿಯಾ! ಅದೂ ಉಪ್ಪು ತಾಳುತ್ತದೆ, ಬೇಗ ಬೇಗ ಮರಿ ಮಾಡುತ್ತದೆ, ಆಹಾರಕ್ಕೂ ಜಾಗಕ್ಕೂ ಪೈಪೋಟಿಗಿಳಿಯುತ್ತದೆ.

ನನಗೆ ಇನ್ನೂ ಹೆಚ್ಚು ಕಳವಳ ಇರುವುದು ಇದರ ದಾಯಾದಿ, ಕೆನರಾ ಕರಿಮೀನಿನ ಬಗ್ಗೆ. ನಮ್ಮ ದಕ್ಷಿಣ ಕನ್ನಡದ ಮತ್ತು ಪಕ್ಕದ ಉತ್ತರ ಕೇರಳದ ಕೆಲವೇ ಹೊಳೆಗಳಲ್ಲಿರುವ ಈ ಸಿಹಿನೀರಿನ ಮೀನು ಅಪಾಯದಲ್ಲಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಗುರುತಿಸಿದೆ. ಹೊಳೆ ಕೆಟ್ಟರೆ ಅದಕ್ಕೆ ಹೋಗಲು ಅಳಿವೆಯೂ ಇಲ್ಲ.

ಸಾಕಣೆಯ ಮಾತು. ಅದನ್ನು ನಾನು ವಿರೋಧಿಸುವುದಿಲ್ಲ. ಮರಿಗಳು ಮರಿ ಉತ್ಪಾದನಾ ಕೇಂದ್ರದಿಂದ ಬಂದರೆ ಹೊಳೆಯ ಹೊರೆ ತಗ್ಗುತ್ತದೆ. ಹಿನ್ನೀರಿನಿಂದಲೇ ಮರಿ ಹಿಡಿದು ಕೊಳಕ್ಕೆ ಬಿಡುವುದಾದರೆ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿದಂತಾಯಿತು ಅಷ್ಟೇ. ನೀವು ಸಾಕಲು ಹೊರಟಿದ್ದರೆ ಮರಿ ಎಲ್ಲಿಯದೆಂದು ಮೊದಲು ಕೇಳಿ, ಅದೇ ಕೊಳಕ್ಕೆ ತಿಲಾಪಿಯಾ ಬಿಡಬೇಡಿ.