ಹುಟ್ಟಿದ್ದು ಒಂದು ದೇಶ, ಹೆತ್ತವರದು ಇನ್ನೊಂದು: ನಾನು ಯಾವ ದೇಶದವನು?

ಹುಟ್ಟಿದ ಜಾಗ ಮುಖ್ಯವೋ ವಂಶ ಮುಖ್ಯವೋ ಎಂದು ಕೇಳಿದ್ದೀರಿ. ಪಾಸ್‌ಪೋರ್ಟಿನ ಮಾತಾದರೆ ಆಯಾ ದೇಶದ ಕಾನೂನು ನೋಡಿದರಾಯಿತು. ಆದರೆ ‘ನಾನು ಯಾರು’ ಎಂಬುದನ್ನು ಆ ಕಾನೂನಿಗೆ ಒಪ್ಪಿಸಬೇಡಿ. ಅದು ಸರ್ಕಾರಗಳು ಬೇಕಾದಾಗ ತಿದ್ದುವ ಗೆರೆ.

ಭಾರತದ್ದೇ ನೋಡಿ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು, ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ಮರುದಿನ ಹುಟ್ಟಿದ ಮಗುವಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್‌ನಿಂದ ಅದೂ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಜರ್ಮನಿ ಹೋದದ್ದು ಇದಕ್ಕೆ ತಿರುಗುಮುರುಗು: ವಂಶವನ್ನೇ ನೆಚ್ಚಿಕೊಂಡಿದ್ದ ಆ ದೇಶ 2000ದಿಂದ, ಬಹುಕಾಲ ಅಲ್ಲೇ ನೆಲೆಸಿದ ವಿದೇಶಿಯರ ಮಕ್ಕಳಿಗೂ ಹುಟ್ಟಿನಿಂದ ಪೌರತ್ವ ಕೊಡತೊಡಗಿತು. ಮಧ್ಯರಾತ್ರಿಗೆ ಮುಂಚೆ ಹುಟ್ಟಿದವನು ನಮ್ಮವನು, ಆಮೇಲೆ ಹುಟ್ಟಿದವನು ಹೊರಗಿನವನು ಎಂಬುದು ಕಡತಕ್ಕೆ ಸರಿ, ಮನಸ್ಸಿಗಲ್ಲ.

ಎರಡು ವಾದಗಳನ್ನೂ ಒಟ್ಟಿಗೇ ಕೆಡವಲು ನನಗೆ ಫುಟ್‌ಬಾಲ್ ಆಟಗಾರರಾದ ಬೋಟೆಂಗ್ ಸಹೋದರರೇ ಸಾಕು. ಕೆವಿನ್–ಪ್ರಿನ್ಸ್ ಮತ್ತು ಜೆರೋಮ್, ಇಬ್ಬರೂ ಬರ್ಲಿನ್‌ನಲ್ಲಿ ಹುಟ್ಟಿದವರು. ತಂದೆ ಒಬ್ಬರೇ, ಘಾನಾದವರು. ತಾಯಂದಿರು ಬೇರೆ ಬೇರೆ, ಇಬ್ಬರೂ ಜರ್ಮನ್ನರು. ಊರೂ ಒಂದೇ, ಬೆರಕೆಯೂ ಒಂದೇ. ಆದರೂ 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ತಮ್ಮ ಜೆರೋಮ್ ಜರ್ಮನಿಯ ಪರ, ಅಣ್ಣ ಕೆವಿನ್–ಪ್ರಿನ್ಸ್ ಘಾನಾದ ಪರ ಎದುರುಬದುರು ಆಡಿದರು. ಅಣ್ಣ ಅದಕ್ಕೂ ಮೊದಲು ಜರ್ಮನಿಯ ಕಿರಿಯರ ತಂಡಗಳಲ್ಲೂ ಆಡಿದ್ದವನು! (ಆ ಪಂದ್ಯ ಜರ್ಮನಿ ಗೆದ್ದಿತು, ಅದು ಬೇರೆ ಮಾತು.)

ಹಾಗಾದರೆ ಯಾವುದು ನಿರ್ಧರಿಸುತ್ತದೆ? ಬದುಕಿದ ಬದುಕು ಎನ್ನುತ್ತೇನೆ. ಯಾವ ದೇಶದ ಚುನಾವಣೆಯ ಫಲಿತಾಂಶ ನಿಮ್ಮ ನಿದ್ದೆ ಕೆಡಿಸುತ್ತದೆ? ಎಲ್ಲಿಯ ತಪ್ಪಿಗೆ ನಿಮಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ? ಅಂತರರಾಷ್ಟ್ರೀಯ ನ್ಯಾಯಾಲಯವೂ ಒಮ್ಮೆ ಇದರ ಹತ್ತಿರಕ್ಕೆ ಬಂದಿತ್ತು. ಹ್ಯಾಂಬರ್ಗ್‌ನಲ್ಲಿ ಹುಟ್ಟಿ ದಶಕಗಳ ಕಾಲ ಗ್ವಾಟೆಮಾಲಾದಲ್ಲಿ ವ್ಯಾಪಾರ ಮಾಡಿದ ನಾಟೆಬಾಮ್ ಎಂಬಾತ 1939ರಲ್ಲಿ ಲಿಕ್ಟನ್‌ಸ್ಟೈನ್‌ನ ಪೌರತ್ವ ಪಡೆದಿದ್ದ. 1955ರ ತೀರ್ಪಿನಲ್ಲಿ ನ್ಯಾಯಾಲಯ ಆತನಿಗೂ ಆ ದೇಶಕ್ಕೂ ನಿಜವಾದ ನಂಟು ಕಾಣದೆ, ಗ್ವಾಟೆಮಾಲಾ ಆ ಪೌರತ್ವವನ್ನು ಮನ್ನಿಸಬೇಕಿಲ್ಲ ಎಂದಿತು. ಹೆಸರಿಗಿದ್ದ ಪೌರತ್ವ ಕೆಲಸಕ್ಕೆ ಬರಲಿಲ್ಲ.

ಒಂದು ತೊಡಕಿದೆ. ನಾವು ಅಂದುಕೊಂಡರಷ್ಟೇ ಸಾಲದು, ಎದುರಿನವರೂ ಒಪ್ಪಬೇಕು. 2013ರಲ್ಲಿ ಡೊಮಿನಿಕನ್ ಗಣರಾಜ್ಯದ ಸಾಂವಿಧಾನಿಕ ನ್ಯಾಯಾಲಯದ ಒಂದು ತೀರ್ಪಿನಿಂದ ಅಲ್ಲೇ ಹುಟ್ಟಿ ಬೆಳೆದ ಹೈಟಿ ಮೂಲದ ಎಷ್ಟೋ ಜನ ರಾತ್ರೋರಾತ್ರಿ ಪೌರತ್ವ ಕಳೆದುಕೊಂಡರು. ಅವರಿಗೆ ಬೇರೆ ದೇಶದ ಬದುಕೇ ಗೊತ್ತಿರಲಿಲ್ಲ.

ಆದ್ದರಿಂದ ಮನಸ್ಸಿನ ಉತ್ತರ ನಿಧಾನವಾಗಿ ಸಿಗಲಿ, ಕಾಗದಪತ್ರ ಮಾತ್ರ ಬೇಗ ಸರಿಮಾಡಿಕೊಳ್ಳಿ. ಎರಡೂ ದೇಶಗಳ ಪೌರತ್ವ ನಿಮಗಿದ್ದರೆ ವಯಸ್ಸಿನ ಗಡುವು ಇದೆಯೇ ವಿಚಾರಿಸಿ. ಜಪಾನ್‌ನಂಥ ದೇಶ ಇಂಥವರಿಗೆ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಎರಡರಲ್ಲಿ ಒಂದು ಭಾರತವಾದರೆ, ಅದು ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಮತದಾನದ ಹಕ್ಕು ಸಿಗದು.