ಪೂರ್ತಿ ಗುಣವಾಗುವುದು ಯಾವಾಗ?

ಶಿವಮೊಗ್ಗ ಜಿಲ್ಲೆಯ ತಾಯಿಯೊಬ್ಬರ ಪತ್ರ: "ಮಗನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಕಡಿಮೆಯಾಗಿವೆ. ಆದರೆ ಮೊದಲಿನಂತೆ ಮಾತಿಲ್ಲ, ಉದ್ಯೋಗವಿಲ್ಲ. ಈಚೆಗೆ ಡೈರಿಗೆ ಹಾಲು ಹಾಕಿ ಬರುತ್ತಾನೆ, ಅಷ್ಟೇ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ ನೆಂಟರು. ಅವನು ಪೂರ್ತಿ ಗುಣವಾಗುವುದು ಯಾವಾಗ?"

ಸಂಪಾದಕರ ಉತ್ತರ:

ಅಮ್ಮ, ಆ "ಅಷ್ಟೇ" ಎಂಬುದನ್ನು ನಾನು ಒಪ್ಪಲಾರೆ. ಹೊತ್ತಿಗೆ ಸರಿಯಾಗಿ ಎದ್ದು, ಕ್ಯಾನು ಹಿಡಿದು, ಊರವರ ಸಾಲಿನಲ್ಲಿ ನಿಂತು, ಹಾಲು ಅಳೆಸಿ, ಪುಸ್ತಕದಲ್ಲಿ ಬರೆಸಿಕೊಂಡು ಬರಬೇಕು. ಇಲ್ಲದ ಧ್ವನಿಗಳನ್ನು ಕೇಳಿ ನಲುಗಿದವನಿಗೆ ಅಷ್ಟು ಜನರ ನಡುವೆ ನಿಲ್ಲುವುದೇ ದೊಡ್ಡದು. ಚೇತರಿಕೆ ಆಗಲೇ ಶುರುವಾಗಿದೆ.

ಮಾತು ಕಡಿಮೆಯಾಗುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಈ ಕಾಯಿಲೆಯದೇ ಲಕ್ಷಣ. ಮನೆಯವರು ಸೋಮಾರಿತನವೆಂದು ಬೈಯುತ್ತಾರೆ. ಬೈದಷ್ಟೂ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಧ್ವನಿಗಳನ್ನು ತಗ್ಗಿಸಿದ ಮಾತ್ರೆ ಈ ಲಕ್ಷಣಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಲವರಿಗೆ ಮಾತ್ರೆಯಿಂದಲೇ ಮಂಪರು ಬರುತ್ತದೆ. ಹಾಗಿದ್ದರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

"ಯಾವಾಗ" ಎಂಬುದಕ್ಕೆ ತಾರೀಖು ಕೊಡಲು ಯಾರಿಂದಲೂ ಆಗದು. ಆದರೆ ಭರವಸೆಗೆ ಆಧಾರವಿದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಸರಕಾರಿ ಮಾನಸಿಕ ಆಸ್ಪತ್ರೆಯ ಹಿಂಭಾಗದ ವಾರ್ಡುಗಳಲ್ಲಿ ವರ್ಷಗಟ್ಟಲೆ ಉಳಿದುಹೋಗಿದ್ದವರಿಗೆ ಪುನರ್ವಸತಿ ಕಲ್ಪಿಸಿ ಹೊರಗೆ ಕಳುಹಿಸಿದರು. ದಶಕಗಳ ನಂತರ ಹುಡುಕಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಗಣನೀಯವಾಗಿ ಸುಧಾರಿಸಿದ್ದರು ಇಲ್ಲವೇ ಚೇತರಿಸಿಕೊಂಡಿದ್ದರು. ಆ ವರದಿ ಬಂದದ್ದು 1987ರಲ್ಲಿ. ನಿಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿದ ಅಧ್ಯಯನದಲ್ಲಿಯೂ, ಊರಿನಲ್ಲಿದ್ದುಕೊಂಡೇ ಔಷಧಿ ಪಡೆದವರು ದಿನನಿತ್ಯದ ಬದುಕನ್ನು ಔಷಧಿಯಿಲ್ಲದವರಿಗಿಂತ ಚೆನ್ನಾಗಿ ನಿಭಾಯಿಸುತ್ತಿದ್ದರು. ಅವರಲ್ಲಿ ಅನೇಕರು ಇಂದಿಗೂ ಮಾತ್ರೆ ನುಂಗುತ್ತಿರಬಹುದು. ಸಕ್ಕರೆ ಕಾಯಿಲೆಯವರೂ ನುಂಗುತ್ತಾರಲ್ಲ.

ಮದುವೆಯ ಮಾತನ್ನು ಖಂಡಿತವಾಗಿ ತಡೆಯಿರಿ. ಮದುವೆ ಔಷಧಿಯಲ್ಲ, ವಿಷಯ ಮುಚ್ಚಿಟ್ಟು ಇನ್ನೊಬ್ಬರ ಮಗಳನ್ನು ತರುವುದು ಅನ್ಯಾಯ. ಮುಂದೊಂದು ದಿನ ಅವನಿಗೇ ಬೇಕೆನಿಸಿದರೆ, ಹೆಣ್ಣಿಗೆ ಎಲ್ಲವನ್ನೂ ಹೇಳಿ ಮಾಡಿ. ಸದ್ಯಕ್ಕೆ ಅವನಿಗೆ ಏನು ಬೇಕೆಂದು ಅವನನ್ನೇ ಕೇಳಿ. ಹಾಲಿನ ಲೆಕ್ಕ ಅವನೇ ಬರೆದಿಡಲಿ, ಬಂದ ಹಣದಲ್ಲಿ ಒಂದಿಷ್ಟು ಅವನ ಕೈಯಲ್ಲೇ ಇರಲಿ.

ದೂರ ಹೋಗಲು ಕಷ್ಟವಾದರೆ, ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರವೆಂದು ವಿಚಾರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗನ ಬಗ್ಗೆ ಮಾತ್ರವಲ್ಲ, ನಿಮ್ಮ ನಿದ್ದೆ, ನಿಮ್ಮ ದಣಿವಿನ ಬಗ್ಗೆಯೂ ಹೇಳಿಕೊಳ್ಳಿ.